ಹಿಂಬದಿ ಮೆಟ್ಟಿಲು ಖಾಲಿ ಇರತಕ್ಕದ್ದು

ಕೈರೋ
6 ನವೆಂಬರ್ 1994

ಪ್ರೀತಿಯ ಇನ್ಸಾಫಕ್ಕನಿಗೆ,

ನೀನು ಹೊಲಿದು ಕಳಿಸಿದ ಅಂಗಿಗಳು ತಲುಪಿದವು. ಚಿಕ್ಕವಳಿಗೆ ತೋಳು ಒಂದು ಗೇಣು ಉದ್ದ. "ನಿಮ್ಮಕ್ಕ ಇದನ್ನ ಮಗೂಗೆ ಹೊಲಿದ್ರೋ, ಮದುಮಗಳಿಗೋ?" ಎಂದು ನಾಹೆದ್ ನಗುತ್ತಿದ್ದಾಳೆ. ಬೆಳೆಯುವ ಮಕ್ಕಳಿಗೆ ಹಾಗೇ ಹೊಲಿಯಬೇಕು ಎಂದು ಅಮ್ಮ ಹೇಳುತ್ತಿದ್ದದ್ದನ್ನು ಅವಳಿಗೆ ಹೇಳಿದೆ. ಹೆಂಡತಿಯ ಮುಂದೆ ಅಮ್ಮನ ಮಾತು ಎಷ್ಟು ನಡೆಯುತ್ತದೆ ಎಂದು ನಿನಗೇ ಗೊತ್ತು.

ನನ್ನ ಸುದ್ದಿ ಕೇಳು. ಕಾರ್ಖಾನೆ, ಅಂಗಡಿ, ಗೋದಾಮುಗಳನ್ನು ಹೇಗೆ ಕಟ್ಟಬೇಕು ಎಂದು ಹೊಸ ಮಾನದಂಡ ಬರೆಯಲು ಒಂದು ಸಮಿತಿ ಮಾಡಿದ್ದಾರೆ ಎಂದಿದ್ದೆನಲ್ಲ, ಅದರಲ್ಲಿ ಒಂದು ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಯಾವುದು ಎಂದು ಈಗಲೇ ಹೇಳುವುದಿಲ್ಲ. ಅಚ್ಚಾದ ಮೇಲೆ ಮೊದಲ ಪ್ರತಿಯನ್ನು ನಿನ್ನ ಹೆಸರು ಬರೆದು ಕಳಿಸುತ್ತೇನೆ. ಊರೂರಿನ ಕಾರ್ಖಾನೆಗಳ ಫೋಟೋಗಳು ಬಂದಿದ್ದವು. ಕೆಲವನ್ನು ನೋಡಿದರೆ ಜನ ಕೆಲಸಕ್ಕೆ ಬಂದಿದ್ದಾರೋ, ನೈಲ್ ದಂಡೆಗೆ ಹಬ್ಬಕ್ಕೆ ಬಂದಿದ್ದಾರೋ ಗೊತ್ತಾಗುವುದಿಲ್ಲ. ನಮ್ಮ ಅಧ್ಯಕ್ಷ ಡಾಕ್ಟರ್ ಲುತ್ಫಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅಚ್ಚಾಗುವ ಮೊದಲೇ ಒಂದು ಪುಟವನ್ನು ಸುತ್ತೋಲೆಯಾಗಿ ಎಲ್ಲ ಕಡೆಗೂ ಕಳಿಸುತ್ತಿದ್ದೇವೆ. ಪಾಲಿಸದ ಕಾರ್ಖಾನೆಗೆ ವಸಂತದ ಹೊತ್ತಿಗೆ ಪರವಾನಗಿ ನಿಲ್ಲುತ್ತದೆ. ನಿಮ್ಮ ಕಾರ್ಖಾನೆಯ ಮಾಲೀಕ ಹಾಜಿ ಸುಬ್ಹಿಗೂ ಬರಬಹುದು. ಮಂಡಿ ನೋವು ಹೇಗಿದೆ?

ನಿನ್ನ ವಗ್ದಿ


ಅಲ್-ಮಹಲ್ಲಾ
20 ನವೆಂಬರ್ 1994

ಬೀದಿಯವರೆಲ್ಲ ಬಾಶ್‌ಮುಹಂದಿಸ್, ದೊಡ್ಡ ಇಂಜಿನಿಯರ್ ಎಂದು ಕರೆದರೂ ನನ್ನ ಕಣ್ಣಿಗೆ ಇನ್ನೂ ಮೂಗು ಸೋರುವ ತಮ್ಮನಿಗೆ,

ತೋಳು ಮಡಚಿ ಹಾಕಿ ಎಂದು ನಾಹೆದ್‌ಗೆ ಹೇಳು. ಮುಂದಿನ ವರ್ಷ ಇದೇ ಅಂಗಿ ಸರಿಯಾದಾಗ ನನ್ನನ್ನು ನೆನೆಸಿಕೊಳ್ಳುತ್ತಾಳೆ.

ನಿನ್ನ ಸುತ್ತೋಲೆ ಬಂತು. ಹಾಜಿ ಅದನ್ನು ಗೋಡೆಗೆ ಅಂಟಿಸಿ, ಮುಂದೆ ನಿಂತು ಶುಕ್ರವಾರದ ಪ್ರವಚನದ ಧಾಟಿಯಲ್ಲಿ ಓದಿದರು. "ಹಿಂಬದಿ ಮೆಟ್ಟಿಲು ಮತ್ತು ಅದರ ಮೆಟ್ಟಿಲಕಟ್ಟೆ ಸದಾಕಾಲ ಖಾಲಿ ಇರತಕ್ಕದ್ದು." ಆಮೇಲೆ ಕನ್ನಡಕ ತೆಗೆದು, "ನೋಡ್ರಮ್ಮಾ, ಇದು ನನ್ನ ಮಾತಲ್ಲ, ಕೈರೋ ಮಾತು. ಅಲ್ಲಿ ಒಂದು ಚಪ್ಪಲಿ ಕಂಡ್ರೂ ಕಾರ್ಖಾನೆಗೆ ಬೀಗ. ಆಮೇಲೆ ನೀವೂ ಮನೇಲಿ, ನಾನೂ ಮನೇಲಿ" ಎಂದರು.

"ಹಾಜಿ, ಚಪ್ಪಲಿ ಬಿಟ್ಟು ನಾವಷ್ಟೇ ಕೂತ್ರೆ ಆಗುತ್ತಾ?" ಎಂದಳು ನನ್ನ ಪಕ್ಕದ ಮಿಷನ್ನಿನ ತೆರೇಜ. ಹಾಜಿಗೆ ನಗು ಬಂತು, ಆದರೆ ನಗಲಿಲ್ಲ. ಹೆದರಿದ್ದಾರೆ, ಪಾಪ.

ಆ ಮೆಟ್ಟಿಲಕಟ್ಟೆ ನಮಗೇನು ಎಂದು ನಿನಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊಲಿಗೆ ಹಾಲ್‌ನಲ್ಲಿ ಮಿಷನ್ನುಗಳ ನಡುವೆ ಕಾಲು ಚಾಚಲು ಜಾಗವಿಲ್ಲ. ಹಿಂದಿನ ಬಾಗಿಲು ತೆರೆದರೆ ಹೊರಗೆ ಆ ಕಟ್ಟೆ. ಒಂದು ಕಿಟಕಿ, ಒಂದು ನಲ್ಲಿ. ಅದರ ಗೋಡೆ ಸರಿಯಾಗಿ ಮಕ್ಕಾದ ದಿಕ್ಕಿಗಿದೆ. ಇಸ್ತ್ರಿಯ ಗಂಡಸರು ಆ ಕಡೆ ಬರುವುದಿಲ್ಲ. ಮಧ್ಯಾಹ್ನ ಚಾಪೆ ಹಾಸಿ ಸರದಿಯ ಮೇಲೆ ನಮಾಜು ಮಾಡುತ್ತೇವೆ. ನಾವು ಮುಗಿಸುವವರೆಗೂ ಕ್ರೈಸ್ತಳಾದ ತೆರೇಜ ಮೇಲಿನ ಮೆಟ್ಟಿಲಲ್ಲಿ ಕೂತು ಚಪ್ಪಲಿ ಕಾಯುತ್ತಾಳೆ, ಸೀಮೆಎಣ್ಣೆ ಸ್ಟವ್ ಹಚ್ಚಿ ಚಹಾಕ್ಕೆ ಇಡುತ್ತಾಳೆ. ಅಮ್ಮನ ನೀಲಿ ಕೆಟಲ್ ನೆನಪಿದೆಯೇ, ಮುಚ್ಚಳಕ್ಕೆ ತಂತಿ ಕಟ್ಟಿದ್ದು? ಅದು ಈಗ ಅಲ್ಲೇ ಇದೆ. ನಮ್ಮ ಜೊತೆ ಹೊಲಿಯುವ ಹನಿಯ್ಯಾ ಬಸುರಿ ಎಂದು ನಮಗೆ ತಿಳಿದದ್ದೂ ಆ ಕಟ್ಟೆಯ ಮೇಲೆಯೇ, ಅವಳ ಗಂಡನಿಗಿಂತ ಮೊದಲು.

ಹುಡುಗಿಯರೆಲ್ಲ ನನ್ನ ಹಿಂದೆ ಬಿದ್ದಿದ್ದಾರೆ. "ಅಕ್ಕಾ, ನಿಮ್ಮ ತಮ್ಮ ಆ ಸಮಿತೀಲೇ ಇದಾರಂತಲ್ಲ, ಒಂದ್ಮಾತು ಹೇಳ್ಸಿ." ನೀನು ಬಾಗಿಲುಗಳ ಅಳತೆ ಬರೆಯುವವನೋ, ದೀಪಗಳ ಲೆಕ್ಕ ಬರೆಯುವವನೋ ನನಗೆ ತಿಳಿಯದು. ಆದರೆ ಈ ಸಾಲು ಬರೆದ ಪುಣ್ಯಾತ್ಮ ಯಾರೋ ಅವನ ಕಿವಿಗೆ ಹಾಕು. ನಾವು ಅರ್ಧ ಗಂಟೆ ಕೂರುತ್ತೇವೆ, ಗುಡಿಸಿಯೇ ಏಳುತ್ತೇವೆ.

ಮಂಡಿ ಇನ್ನೂ ನನ್ನ ಜೊತೆಗೇ ಇದೆ.

ಇನ್ಸಾಫ್


ಕೈರೋ
2 ಡಿಸೆಂಬರ್ 1994

ಪ್ರೀತಿಯ ಅಕ್ಕ,

ನಿನ್ನ ಕಾಗದ ಓದಿದೆ. ಸಮಿತಿ ಎಂದರೆ ಒಬ್ಬನ ಮಾತಲ್ಲ, ಒಂದು ಸಾಲಿನ ಹಿಂದೆ ಹತ್ತು ಜನರ ಚರ್ಚೆ ಇರುತ್ತದೆ. ಹಾಗೆ ಬರೆದವರಿಗೂ ಏನೋ ಕಾರಣ ಇರಬೇಕು.

ನೀನೇ ಯೋಚಿಸು. ಮುಂದಿನ ಮೆಟ್ಟಿಲಿನ ಬಳಿ ಬೆಂಕಿ ಹತ್ತಿತು ಎಂದುಕೋ. ಹೊಗೆ ಕಾಲಿಗಿಂತ ಬೇಗ ಓಡುತ್ತದೆ. ಆಗ ಉಳಿಯುವುದು ಹಿಂಬದಿಯ ದಾರಿ ಒಂದೇ. ಅಲ್ಲಿ ಚಪ್ಪಲಿ ರಾಶಿ, ಸುತ್ತಿದ ಚಾಪೆ, ಸೀಮೆಎಣ್ಣೆ ಸ್ಟವ್! ಮೊದಲನೆಯವಳು ಎಡವಿದರೆ ಹಿಂದಿನವರೆಲ್ಲ ಅವಳ ಮೇಲೆ. ದಯವಿಟ್ಟು ಬೇರೆ ಎಲ್ಲಾದರೂ ಕೂರಿ. ಹಾಲ್‌ನಲ್ಲೇ ಎರಡು ಮಿಷನ್ ಸರಿಸಿದರೆ ಆಗದೇ?

ಯಾರ ಕಿವಿಗೆ ಹಾಕಬೇಕೋ ಹಾಕಿ ನೋಡುತ್ತೇನೆ. ನಾಹೆದ್ ಸಲಾಂ ಹೇಳಿದ್ದಾಳೆ. ತೋಳು ಮಡಚಿದ್ದಾಳೆ.

ವಗ್ದಿ


ಅಲ್-ಮಹಲ್ಲಾ
28 ಡಿಸೆಂಬರ್ 1994

ವಗ್ದಿಗೆ,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆಯುವುದನ್ನು ಕೈರೋದಲ್ಲಿ ಕಲಿಸುತ್ತಾರೆಂದು ಕಾಣುತ್ತದೆ. ಇರಲಿ.

ಮೆಟ್ಟಿಲಕಟ್ಟೆ ಈಗ ಖಾಲಿ ಇದೆ. ನಿನ್ನ ಸಮಿತಿಯವರಿಗೆ ಹೇಳು, ಖುಷಿಪಡಲಿ. ಮಿಷನ್ ಸರಿಸಲು ಆಗಲಿಲ್ಲ. ಅವನ್ನು ನೆಲಕ್ಕೆ ಬಿಗಿದಿದ್ದಾರೆ. ಹುಡುಗಿಯರು ಮಿಷನ್ನಿನ ಮುಂದೆ ಕೂತಲ್ಲೇ ಉಣ್ಣುತ್ತಾರೆ. ಅನ್ನದ ಮೇಲೆ ಹತ್ತಿಯ ಧೂಳು ಕೂರುತ್ತದೆ. "ಮೇಲೆ ಸಕ್ಕರೆ ಉದುರ್ಸಿದಾರೆ ಅಂದ್ಕೊಂಡು ತಿನ್ರೇ" ಎಂದು ತೆರೇಜ ನಗಿಸುತ್ತಾಳೆ. ಮಧ್ಯಾಹ್ನದ ನಮಾಜನ್ನು ಮನೆಗೆ ಹೋಗಿ ಸಂಜೆಯದರ ಜೊತೆಗೇ ಮಾಡುತ್ತೇವೆ. ಅಲ್ಲಾಹನಿಗೆ ಗೊತ್ತು.

ಇಲ್ಲಿ ಚಳಿ ಜೋರು. ಬೇರೇನೂ ವಿಶೇಷವಿಲ್ಲ.

ಇನ್ಸಾಫ್


ಕೈರೋ
15 ಜನವರಿ 1995

ಪ್ರೀತಿಯ ಅಕ್ಕ,

ಒಳ್ಳೆಯ ಸುದ್ದಿ! ಸುತ್ತೋಲೆ ಮುಟ್ಟಿದ ಕೂಡಲೇ ಪಾಲಿಸಿದ ಕಾರ್ಖಾನೆಗಳ ಪಟ್ಟಿ ಬಂತು. ಅದರಲ್ಲಿ ನಿಮ್ಮದೂ ಇದೆ. ಇನ್ಸ್‌ಪೆಕ್ಟರ್ ಮೂರು ಸಲ ಹೇಳದೆ ಬಂದರೂ ಮೂರು ಸಲವೂ ಹಿಂಬದಿ ಮೆಟ್ಟಿಲ ಮೇಲೆ ಒಂದು ದಾರದ ಎಳೆ ಕೂಡ ಸಿಗಲಿಲ್ಲವಂತೆ. ಡಾಕ್ಟರ್ ಲುತ್ಫಿ ಅದನ್ನು ಎಲ್ಲರ ಮುಂದೆ ಗಟ್ಟಿಯಾಗಿ ಓದಿ, "ಮನಸ್ಸಿದ್ರೆ ಮಹಲ್ಲಾದವರೂ ಮಾಡ್ತಾರೆ ನೋಡಿ" ಎಂದರು. ನಾನು ಎದೆ ಉಬ್ಬಿಸಿ ಕೂತಿದ್ದೆ.

ಬೇರೆ ಊರುಗಳಲ್ಲಿ ದಂಡ ಹಾಕಿದರೂ ಆಗುತ್ತಿಲ್ಲ. ಹಾಜಿ ಅದೇನು ಮೋಡಿ ಮಾಡಿದರು, ಬರೆ. ಉಳಿದವರಿಗೂ ಹೇಳೋಣ.

ನಿನ್ನ ವಗ್ದಿ


ಕೈರೋ
5 ಫೆಬ್ರವರಿ 1995

ಅಕ್ಕ,

ರಂಜಾನ್ ಶುಭಾಶಯ. ಕಳೆದ ಕಾಗದಕ್ಕೆ ಉತ್ತರ ಬರಲಿಲ್ಲ. ಪ್ರತಿ ವರ್ಷ ಉಪವಾಸ ಶುರುವಾಗುವ ಮೊದಲೇ ನಿನ್ನ ಒಣ ಖರ್ಜೂರದ ಪೊಟ್ಟಣ ಬರುತ್ತಿತ್ತು, ಅದೂ ಬರಲಿಲ್ಲ. ಚಿಕ್ಕವಳು ದಿನಾ "ಅತ್ತೆ ಖರ್ಜೂರ ಎಲ್ಲಿ?" ಎನ್ನುತ್ತಾಳೆ. ನನ್ನ ಮಾತಿನಲ್ಲಿ ಏನಾದರೂ ತಪ್ಪಾಯಿತೇ? ಹುಷಾರಿಲ್ಲವೇ? ಎರಡು ಸಾಲು ಬರೆ, ಸಾಕು.

ವಗ್ದಿ


ಅಲ್-ಮಹಲ್ಲಾ
19 ಫೆಬ್ರವರಿ 1995

ವಗ್ದಿ,

ಹಾಜಿ ಏನು ಮೋಡಿ ಮಾಡಿದರು ಎಂದು ಕೇಳಿದ್ದೆಯಲ್ಲ. ಹೇಳುತ್ತೇನೆ. ಬಾಗಿಲಿಗೆ ಬೀಗ ಹಾಕಿಸಿದರು. ಎರಡು ಕಡೆಯಿಂದಲೂ ಕೀಲಿ ತಿರುಗುವಂಥ ಹೊಸ ಬೀಗ. ಒಂದೇ ಕೀಲಿ. ಅದು ಯಾರ ಹತ್ತಿರ ಇತ್ತು ಗೊತ್ತೇ? ನನ್ನ ಕೊರಳಲ್ಲಿ.

ಡಿಸೆಂಬರಿನಲ್ಲಿ ಇದನ್ನು ಬರೆಯಲಿಲ್ಲ. ನಾಚಿಕೆಯಾಯಿತು. ಹಾಜಿ ಕರೆದು, "ಇನ್ಸಾಫಮ್ಮಾ, ನೀನು ಹುಡ್ಗೀರಿಗೆ ದೊಡ್ಡವಳು. ನಿನ್ನ ಮಾತು ಕೇಳ್ತಾರೆ. ಇದು ನಿನ್ನ ಹತ್ರಾನೇ ಇರ್ಲಿ" ಎಂದಾಗ ಬೇಡ ಎನ್ನಲಿಲ್ಲ. ಕಾರ್ಖಾನೆ ಮುಚ್ಚಿದರೆ ಇಷ್ಟು ಜನ ಎಲ್ಲಿಗೆ ಹೋಗಬೇಕು ಎಂದು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಕೀಲಿ ಕೊಟ್ಟರಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಯಿತು. ನೀನು "ಎದೆ ಉಬ್ಬಿಸಿ ಕೂತಿದ್ದೆ" ಎಂದು ಬರೆದಾಗ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ ನನ್ನ ಕೈ ಕೊರಳಿಗೆ ಹೋಯಿತು. ಅದಕ್ಕೇ ಉತ್ತರ ಬರೆಯಲಿಲ್ಲ.

ಮೊನ್ನೆ ಗುರುವಾರ ಇಸ್ತ್ರಿ ಮಾಡುವ ಗಾಬಿರ್ ಉಪವಾಸದ ನಿದ್ದೆಯಲ್ಲಿ ತೂಕಡಿಸಿದ. ಇಸ್ತ್ರಿಪೆಟ್ಟಿಗೆ ಬಟ್ಟೆಯ ರಾಶಿಯ ಮೇಲೆ ಉಳಿಯಿತು. ಇಸ್ತ್ರಿ ಮೇಜು ಇರುವುದು ಮುಂದಿನ ಮೆಟ್ಟಿಲ ಬಾಯಲ್ಲೇ. ಹಬ್ಬದ ಬಟ್ಟೆಗಳ ಮಾತಿಗೆಂದು ಹಾಜಿ ಕರೆದಿದ್ದರಿಂದ ನಾನು ಕೆಳಗಿದ್ದೆ. ಮೇಲಿಂದ ಕೂಗು ಕೇಳಿಸಿತು. ಮುಂದಿನ ಮೆಟ್ಟಿಲು ಹತ್ತಲು ಹೋದೆ, ಕಪ್ಪು ಹೊಗೆ ಮುಖಕ್ಕೆ ಹೊಡೆಯಿತು. ಹಿಂದಿನ ಓಣಿಗೆ ಓಡಿದೆ. ಈ ಮಂಡಿ ಇಟ್ಟುಕೊಂಡು ಹೇಗೆ ಹತ್ತಿದೆನೋ ಗೊತ್ತಿಲ್ಲ.

ಬಾಗಿಲಿನ ಆ ಕಡೆ ಅಷ್ಟೂ ಜನ ಬಡಿಯುತ್ತಿದ್ದರು. ಹನಿಯ್ಯಾಳ ದನಿ ಎಲ್ಲಕ್ಕಿಂತ ಹತ್ತಿರ. "ಅಕ್ಕಾ, ಕೀಲಿ! ಅಕ್ಕಾ, ಎಲ್ಲಿದೀಯಾ? ಅಕ್ಕಾ!" ಕೊರಳಿನ ದಾರ ಎಳೆದು ತೆಗೆದೆ. ಕೀಲಿ ತೂತಿಗೆ ಹೋಗುತ್ತಿರಲಿಲ್ಲ. ನಲವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕೈ ಇದು, ವಗ್ದಿ.

ತೆರೆಯಿತು. ಎಲ್ಲರೂ ಹೊರಗೆ ಬಿದ್ದರು. ಹನಿಯ್ಯಾಳ ಮಣಿಕಟ್ಟು ಮುರಿದಿದೆ. ಮಗು ಚೆನ್ನಾಗಿದೆ ಎಂದು ವೈದ್ಯರು ಹೇಳಿದರು. ಗಾಬಿರ್ ನೀರು ಸುರಿದು ಬೆಂಕಿ ಆರಿಸಿದ. ಸುಟ್ಟದ್ದು ಬಟ್ಟೆ ಮಾತ್ರ.

ನಿನ್ನ ಮಾತೂ ಸುಳ್ಳಲ್ಲ, ಅದನ್ನೂ ಹೇಳಬೇಕು. ಕಟ್ಟೆಯ ಮೇಲೆ ಅವತ್ತು ಚಾಪೆ, ಸ್ಟವ್ ಇದ್ದಿದ್ದರೆ ಒಬ್ಬರ ಮೇಲೊಬ್ಬರು ಉರುಳುತ್ತಿದ್ದರು. ಅದು ಖಾಲಿ ಇದ್ದದ್ದು ಒಳ್ಳೆಯದಾಯಿತು. ಆದರೆ ಬಾಗಿಲೇ ತೆರೆಯದಿದ್ದರೆ ಖಾಲಿ ಮೆಟ್ಟಿಲು ಯಾರಿಗೆ?

"ಅಲ್ಲಾಹನ ದಯೆ, ಏನೂ ಆಗ್ಲಿಲ್ವಲ್ಲ" ಎಂದರು ಹಾಜಿ. ಮಾರನೆಯ ದಿನ ಮತ್ತೆ ಅದೇ ರಾಗ. "ಹಬ್ಬ ಕಳೀಲಿ, ಇನ್ಸ್‌ಪೆಕ್ಟರ್ ಪರವಾನಗಿಗೆ ಬರ್ತಾನೆ. ಅಲ್ಲೀವರೆಗೆ ಬೀಗ ಇರ್ಲಮ್ಮ." ಈಗ ನಾನು ಹಾಕಿದ ಹಾಗೆ ಮಾಡುತ್ತೇನೆ, ಹಾಕುವುದಿಲ್ಲ. ಹಾಜಿಗೆ ಗೊತ್ತಾದ ದಿನ ಕೀಲಿ ಇನ್ನೊಬ್ಬಳ ಕೊರಳಿಗೆ ಹೋಗುತ್ತದೆ. ಅವಳು ಹಾಕುತ್ತಾಳೆ.

ಒಂದು ಮಾತು ಕೇಳುತ್ತೇನೆ, ನೇರವಾಗಿ ಹೇಳು. ಆ ಸಾಲು ಬರೆದವರು ಯಾರು?

ಇನ್ಸಾಫ್


ಕೈರೋ
23 ಫೆಬ್ರವರಿ 1995

ಅಕ್ಕ,

ನಾನು.

ಬೆಂಕಿಯಿಂದ ಹೊರಬೀಳುವ ದಾರಿಗಳ ಅಧ್ಯಾಯ ನನ್ನದು. ಬಾಗಿಲಿಗೆ ಬೀಗ ಇರಬಾರದು ಎಂದೂ ಬರೆದಿದ್ದೇನೆ, ಆದರೆ ಅದು ಮುಂದಿನ ಪುಟದಲ್ಲಿದೆ. ಸುತ್ತೋಲೆಗೆ ಒಂದೇ ಪುಟ ಹೋಯಿತು. ಆ ಪುಟವೇ ಮೊದಲು ಹೋಗಲಿ ಎಂದವನೂ ನಾನು.

ಏಕೆಂದರೆ ಆ ಫೋಟೋ. ನಮ್ಮ ಅಧ್ಯಕ್ಷರು ನಕ್ಕರು ಎಂದು ಬರೆದಿದ್ದೆನಲ್ಲ, ಅದರಲ್ಲಿ ಒಂದು ಚಪ್ಪಲಿಗಳ ರಾಶಿ, ಸ್ಟವ್, ಅದರ ಮೇಲೆ ಮುಚ್ಚಳಕ್ಕೆ ತಂತಿ ಕಟ್ಟಿದ ಒಂದು ನೀಲಿ ಕೆಟಲ್. ನೋಡಿದ ಕೂಡಲೇ ಗುರುತು ಸಿಕ್ಕಿತು, ಅಕ್ಕ. ಆ ತಂತಿ ಕಟ್ಟಿದವನೇ ನಾನಲ್ಲವೇ? ಡಾಕ್ಟರ್ ಲುತ್ಫಿ, "ಇದೇನು ಕಾರ್ಖಾನೆಯೋ, ಛತ್ರವೋ?" ಎಂದರು. ನಾನೂ ನಕ್ಕೆ. ಅದು ನಮ್ಮ ಮನೆಯ ಕೆಟಲ್ ಎಂದು ಹೇಳಲು ನಾಲಿಗೆ ಏಳಲಿಲ್ಲ. ಮನೆಗೆ ಬಂದು, ನಿಯಮ ಬರಲಿ, ಅಕ್ಕನಿಗೇ ಒಳ್ಳೆಯದು ಎಂದು ಸಮಾಧಾನ ಮಾಡಿಕೊಂಡೆ. ನೀವು ಎಲ್ಲಿ ಕೂರುತ್ತೀರಿ ಎಂದು ಕೇಳಲಿಲ್ಲ. ಒಂದು ಮಿಷನ್ನಿಗೆ ಎಷ್ಟು ಜಾಗ, ಒಂದು ದೀಪಕ್ಕೆ ಎಷ್ಟು ಎತ್ತರ, ಎಲ್ಲ ಬರೆದೆವು. ಹೊಲಿಯುವವಳು ಏಳುತ್ತಾಳೆ, ಉಣ್ಣುತ್ತಾಳೆ ಎನ್ನುವುದು ಯಾರ ಪಾಲಿಗೂ ಬಂದಿರಲಿಲ್ಲ.

ಹನಿಯ್ಯಾ ಕೂಗಿದ್ದು ನನ್ನ ಕಿವಿಯಲ್ಲೇ ಇದೆ. ನಾಳೆಯೇ ಹೊರಟು ಬಂದು ಹಾಜಿಯ ಹತ್ತಿರ ಮಾತಾಡಲೇ?

ವಗ್ದಿ


ಅಲ್-ಮಹಲ್ಲಾ
27 ಫೆಬ್ರವರಿ 1995

ವಗ್ದಿ,

ಸಿಟ್ಟು ಬಂತು. ಕಾಗದವನ್ನು ಒಲೆಗೆ ಹಾಕೋಣ ಎನ್ನಿಸಿತು. ತೆರೇಜ ಕಿತ್ತುಕೊಂಡು ಓದಿ, "ಬೇಡ ಬಿಡಕ್ಕಾ. ನೀನು ಕೀಲಿ ಬಚ್ಚಿಟ್ಟೆ, ಅವ್ನು ಕೆಟಲ್ ಬಚ್ಚಿಟ್ಟ. ಒಂದೇ ಹೊಟ್ಟೇಲಿ ಹುಟ್ಟಿದೋರು ಇನ್ನೆಂಗಿರ್ತೀರಿ?" ಎಂದಳು.

ನಾಳೆ ಬರಬೇಡ. ಆಫೀಸಿನ ಮುಖ ಹೊತ್ತು ಬಂದರೆ ಹಾಜಿ ಇನ್ನೊಂದು ಬೀಗ ತರುತ್ತಾರೆ. ಹಬ್ಬಕ್ಕೆ ಬಾ. ನಾಹೆದ್‌ಳನ್ನೂ ಮಕ್ಕಳನ್ನೂ ಕರೆದುಕೊಂಡು ಬಾ. ಎರಡನೆಯ ದಿನ ಹುಡುಗಿಯರು ಹಬ್ಬದ ಸಿಹಿ ಬಿಸ್ಕತ್ತು ಕಹ್ಕ್ ತಗೊಂಡು ನಮ್ಮ ಮನೆಗೆ ಬರುತ್ತಾರೆ. ಅಳತೆಪಟ್ಟಿ ತರಬೇಡ. ಸುಮ್ಮನೆ ಕೂತು ಕೇಳು.

ಖರ್ಜೂರ ಕಳಿಸಿದ್ದೇನೆ. ಚಿಕ್ಕವಳಿಗೆ ಮಾತ್ರ.

ಇನ್ಸಾಫ್


ಕೈರೋ
2 ಏಪ್ರಿಲ್ 1995

ಪ್ರೀತಿಯ ಅಕ್ಕ,

ಹಬ್ಬದಲ್ಲಿ ನಿನ್ನ ಹುಡುಗಿಯರು ನನ್ನನ್ನು ಮಾತಿನಲ್ಲಿ ಹುರಿದು ಮುಕ್ಕಿದ್ದು ಇನ್ನೂ ಮರೆತಿಲ್ಲ. "ಬಾಶ್‌ಮುಹಂದಿಸ್, ನಿಮ್ಮ ಆಫೀಸಲ್ಲಿ ಚಹಾ ಕುಡಿಯೋಕೆ ಜಾಗ ಇದ್ಯಾ, ಅಥವಾ ನಿಂತ್ಕೊಂಡೇ ಕುಡೀತೀರಾ?" ಎಂದು ಹನಿಯ್ಯಾ ಕಟ್ಟು ಹಾಕಿದ ಕೈ ಎತ್ತಿ ಕೇಳಿದಾಗ ಕೈಯಲ್ಲಿದ್ದ ಕಹ್ಕ್ ಅನ್ನು ತಟ್ಟೆಗೆ ವಾಪಸ್ ಇಟ್ಟಿದ್ದೆ.

ನಿನ್ನೆ ಸಮಿತಿ ಸೇರಿತ್ತು. ನಿನ್ನಿಂದ ಕೇಳಿ ತಂದ ಕೆಟಲ್ ಅನ್ನು ಕಾಗದಗಳ ಮಧ್ಯೆ ಮೇಜಿನ ಮೇಲೆ ಇಟ್ಟೆ. ಡಾಕ್ಟರ್ ಲುತ್ಫಿ ನೋಡಿದರು.

"ಏನಯ್ಯಾ ಇದು?"

"ಅವತ್ತು ನಾವು ನಕ್ಕ ಫೋಟೋದ ಕೆಟಲ್, ಸಾರ್. ನಮ್ಮಮ್ಮಂದು."

"ಅವತ್ತೇ ಹೇಳಬಾರದಿತ್ತಾ?"

"ಎಲ್ಲರ ಜೊತೆ ನಗ್ತಾ ಇದ್ದೆ, ಸಾರ್."

ಯಾರೂ ನಗಲಿಲ್ಲ. ಬೀಗದ ವಿಷಯ ಹೇಳಿದೆ, ಬಾಗಿಲು ಬಡಿದದ್ದು ಹೇಳಿದೆ. ಕೀಲಿ ಯಾರ ಕೊರಳಲ್ಲಿತ್ತು ಎಂದು ಹೇಳಲಿಲ್ಲ, ಅದು ನಮ್ಮ ಮನೆಯ ಮಾತು. "ಕೆಲಸದ ಹೊತ್ತಿನಲ್ಲಿ ಹಿಂಬದಿ ಬಾಗಿಲು ಕೀಲಿಯಿಲ್ಲದೆ, ಒಳಗಿನಿಂದ ಕೈಯಲ್ಲಿ ತಳ್ಳಿದರೆ ತೆರೆಯತಕ್ಕದ್ದು" ಎನ್ನುವುದು ಮೆಟ್ಟಿಲಿನ ಸಾಲಿಗಿಂತ ಮೊದಲೇ ಬರಬೇಕು ಎಂದೆ. ಎರಡು ಮಾತಿಲ್ಲದೆ ಒಪ್ಪಿದರು. ಹೊಸ ಸುತ್ತೋಲೆ ಈ ವಾರವೇ ಹೊರಡುತ್ತದೆ. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಾವು ಅಷ್ಟು ತಡಮಾಡಲಿಲ್ಲ ಎಂದು ದೇವರಿಗೆ ಶುಕ್ರಿಯಾ ಹೇಳುತ್ತಿದ್ದೇನೆ.

ಎರಡನೆಯದಕ್ಕೆ ಜಗಳವಾಯಿತು. ಜನ ಕೆಲಸ ಮಾಡುವ ಪ್ರತಿ ಮಹಡಿಯಲ್ಲೂ ಕಿಟಕಿ, ನೀರು ಇರುವ, ಹೊರಬೀಳುವ ದಾರಿಗೆ ಅಡ್ಡವಾಗದ ಕೂರುವ ಜಾಗ ಬೇಕು ಎಂದೆ. "ಕಾರ್ಖಾನೆ ಕಟ್ತಾ ಇದೀವೋ, ಚಹಾದಂಗಡಿ ಕಟ್ತಾ ಇದೀವೋ?" ಎಂದರು ಒಬ್ಬರು. ಸಂಜೆಯವರೆಗೂ ಎಳೆದಾಡಿ, ಹೊಸ ಕಟ್ಟಡಗಳಿಗೆ ಮಾತ್ರ ಎಂದು ತೀರ್ಮಾನವಾಯಿತು. ಹಳೆಯ ಕಟ್ಟಡಗಳಿಗೆ "ಸಾಧ್ಯವಾದಷ್ಟು" ಎಂದು ಸೇರಿಸಿದರು. ಆ ಪದದ ಅರ್ಥ ನಿನಗೆ ಗೊತ್ತಲ್ಲ. ಹಾಜಿಯನ್ನು ಬಲವಂತ ಮಾಡಲು ನನ್ನ ಕೈಯಲ್ಲಿ ಏನೂ ಇಲ್ಲ, ಅಕ್ಕ. ಸೋತೆ ಎಂದೇ ಅನ್ನಿಸುತ್ತಿದೆ.

ಕೆಟಲ್ ಅನ್ನು ಮಹಲ್ಲಾ ಕಡೆ ಬರುವವರ ಕೈಯಲ್ಲಿ ಕಳಿಸುತ್ತೇನೆ. ತಂತಿ ಬದಲಾಯಿಸಿದ್ದೇನೆ.

ನಿನ್ನ ವಗ್ದಿ


ಅಲ್-ಮಹಲ್ಲಾ
25 ಏಪ್ರಿಲ್ 1995

ಪ್ರೀತಿಯ ವಗ್ದಿ,

ನಿನ್ನೆ ವಸಂತದ ಹಬ್ಬ. ಉಪ್ಪು ಮೀನು, ಹಸಿ ಈರುಳ್ಳಿ ತಿಂದು ಇಡೀ ಊರು ನಾರುತ್ತಿದೆ. ನನ್ನ ಕೈಯೂ ನಾರುತ್ತಿದೆ, ಕಾಗದವನ್ನು ಮೂಗಿಗೆ ದೂರ ಹಿಡಿದು ಓದು.

ನಿನ್ನ "ಸಾಧ್ಯವಾದಷ್ಟು" ಇಷ್ಟು ದೂರ ಬಂದು ಏನು ಮಾಡಿತು ಎಂದು ಹೇಳುತ್ತೇನೆ. ಹೊಸ ಸುತ್ತೋಲೆ ಬಂತು. ಹಾಜಿ ಓದಿದರು, ತಲೆಯ ಮೇಲೆ ಕೈ ಇಟ್ಟುಕೊಂಡರು. "ಬಾಗ್ಲು ತೆರ್ದಿರ್ಬೇಕಂತೆ, ಮೆಟ್ಲು ಖಾಲಿ ಇರ್ಬೇಕಂತೆ. ತೆರೆದ್ರೆ ನೀವು ಹೋಗಿ ಕೂರ್ತೀರಿ. ನಾನೇನು ಅಲ್ಲಿ ಕೋಲು ಹಿಡ್ಕೊಂಡು ನಿಲ್ಲಲಾ?"

ನಾನು ಕೊರಳಿನ ಕೀಲಿ ತೆಗೆದು ಅವರ ಮುಂದೆ ಇಟ್ಟೆ. "ಹಾಜಿ, ಕೂರೋದಕ್ಕೆ ಜಾಗ ಇದ್ರೆ ಮೆಟ್ಲು ಮೇಲೆ ಯಾರು ಕೂರ್ತಾರೆ? ಹೊಗೆ ಬಂದ ದಿನದಿಂದ ಈ ಬಾಗ್ಲಿಗೆ ನಾನು ಬೀಗ ಹಾಕಿಲ್ಲ. ಬೈಯೋದಿದ್ರೆ ಈಗ್ಲೇ ಬೈದ್ಬಿಡಿ" ಎಂದೆ.

ಅವರು ಕೀಲಿ ಎತ್ತಿ ಮೇಜಿನ ಖಾನೆಗೆ ಹಾಕಿದರು. ಆಮೇಲೆ, "ನಂಗೊತ್ತಿತ್ತಮ್ಮ" ಎಂದರು. "ದಿನಾ ಸಂಜೆ ಹೋಗಿ ತಳ್ಳಿ ನೋಡ್ತಿದ್ದೆ. ತೆರ್ಕೊಳ್ತಿತ್ತು. ತೆರೆದ ಮೇಲೇನೇ ನಾನು ಮನೆಗೆ ಹೋಗ್ತಿದ್ದದ್ದು."

ವಗ್ದಿ, ಇಷ್ಟು ದಿನ ಆ ಮನುಷ್ಯನನ್ನು ನಾನು ಏನೆಂದುಕೊಂಡಿದ್ದೆ!

ಹಾಲ್‌ನ ಮೂಲೆಯಲ್ಲಿ ಹಳೆಯ ನೂಲು ತುಂಬಿಡುವ ಒಂದು ಕೋಣೆ ಇತ್ತು, ಅದನ್ನು ಖಾಲಿ ಮಾಡಿಸಿದರು. ಗೋಡೆ ಒಡೆಸಿ ಕಿಟಕಿ ಇಡಿಸಿದರು, ನಲ್ಲಿ ಎಳೆಸಿದರು. ಮಕ್ಕಾದ ದಿಕ್ಕು ಸ್ವಲ್ಪ ಓರೆ, ಚಾಪೆಯನ್ನು ಮೂಲೆಯಿಂದ ಹಾಸುತ್ತೇವೆ. ಸೀಮೆಎಣ್ಣೆ ಸ್ಟವ್ ಬೇಡ ಎಂದು ನಾನೇ ಹಟ ಹಿಡಿದೆ, ಈಗ ಕರೆಂಟಿನ ಒಲೆ. ಇಸ್ತ್ರಿ ಮೇಜು ಮೆಟ್ಟಿಲ ಬಾಯಿಂದ ದೂರ ಹೋಯಿತು. ಇನ್ಸ್‌ಪೆಕ್ಟರ್ ಬಂದು ನೋಡಿ, ಒಂದು ಲೋಟ ಚಹಾ ಕುಡಿದು, ಪರವಾನಗಿ ಕೊಟ್ಟ. ಹಾಜಿ ಆ ಬೀಗವನ್ನು ಬಿಚ್ಚಿಸಿ ತಮ್ಮ ಕಪಾಟಿಗೆ ಹಾಕಿಸಿಕೊಂಡಿದ್ದಾರೆ. ಒಳ್ಳೆಯ ಬೀಗವಂತೆ, ಬಿಸಾಡಲು ಮನಸ್ಸಿಲ್ಲ.

ಇವತ್ತು ಮಧ್ಯಾಹ್ನ ಎಲ್ಲರೂ ಆ ಕೋಣೆಗೆ ಹೋದಾಗ ನಾನೊಬ್ಬಳೇ ಹಿಂಬದಿಗೆ ಹೋದೆ. ಬಾಗಿಲಿಗೆ ಕೈ ಇಟ್ಟು ತಳ್ಳಿದೆ, ತೆರೆಯಿತು. ಕಟ್ಟೆಯ ಮೇಲೆ ಬಿಸಿಲು ಬಿದ್ದಿತ್ತು. ಚಪ್ಪಲಿ ಇಲ್ಲ, ಚಾಪೆ ಇಲ್ಲ, ಯಾರೂ ಇಲ್ಲ. ನೀನು ಬರೆದ ಹಾಗೆಯೇ ಇತ್ತು. ಸುಳ್ಳು ಯಾಕೆ ಹೇಳಲಿ, ಅದನ್ನು ನೋಡಿ ಅಳು ಬಂತು. ನಮ್ಮ ಎಷ್ಟು ಮಾತು ಕೇಳಿದ ಜಾಗ ಅದು.

ಒಳಗಿಂದ ತೆರೇಜ ಕೂಗಿದಳು. "ಅಕ್ಕಾ, ಚಹಾ ಆರೋಗ್ತಿದೆ!"

ಬಾಗಿಲು ಎಳೆದುಕೊಂಡೆ. ಅಭ್ಯಾಸಬಲ, ಕೈ ಕೊರಳಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

ನಿನ್ನ ಅಕ್ಕ
ಇನ್ಸಾಫ್